ಲೌಂಜ್, ರೂಮು, ಬೀದಿಬದಿಯ ಲೋಟ: ಮಂಡ್ಯದಿಂದ ಹೊರದೇಶಕ್ಕೆ ಹೊರಡುವವರಿಗೆ

ಮಂಡ್ಯದಲ್ಲಿ ನನ್ನದೊಂದು ಚಿಕ್ಕ ಟ್ರಾವೆಲ್ಸ್ ಆಫೀಸಿದೆ. ಹದಿನೈದು ಇಪ್ಪತ್ತು ಜನರ ಗುಂಪು ಕಟ್ಟಿಕೊಂಡು ಹೊರದೇಶಕ್ಕೆ ಹೋಗಿಬರುವುದು ನನ್ನ ಕೆಲಸ. ನನ್ನ ಜೊತೆ ಬರುವವರಲ್ಲಿ ಜಾಸ್ತಿ ಮಂದಿ ಅರವತ್ತು ದಾಟಿದವರು. ನಿವೃತ್ತ ಮೇಷ್ಟ್ರುಗಳು, ಬ್ಯಾಂಕಿನವರು, ಗದ್ದೆ ತೋಟ ಮಕ್ಕಳಿಗೆ ಒಪ್ಪಿಸಿ ಇನ್ನು ಲೋಕ ನೋಡೋಣ ಅಂತ ಹೊರಟ ರೈತರು, ಮೈಸೂರಿನ ಕುವೆಂಪುನಗರ, ಸರಸ್ವತಿಪುರಂ ಕಡೆಯ ಗಂಡ ಹೆಂಡತಿಯರು. ಹೊರಡುವ ಮುಂಚಿನ ಭಾನುವಾರ ಎಲ್ಲರನ್ನೂ ಆಫೀಸಿಗೆ ಕರೆದು ಕೂರಿಸುತ್ತೇನೆ. ಹಿಂದೆ ಹೋಗಿ ಬಂದವರೂ ಸೇರುತ್ತಾರೆ, ತಮಗಾದ ಅನುಭವ ಹೇಳುತ್ತಾರೆ.

ಅಲ್ಲಿ ಐಫೆಲ್ ಟವರ್ ಎತ್ತರ ಯಾರೂ ಕೇಳುವುದಿಲ್ಲ. "ಅಕ್ಕಾ, ಏರ್‌ಪೋರ್ಟ್ ಲೌಂಜಲ್ಲಿ ಊಟ ಫ್ರೀನಾ?" "ರೂಮಲ್ಲಿ ಬಿಸಿನೀರು ಕಾಯಿಸ್ಕೋಬಹುದಾ?" "ಅಲ್ಲಿ ಕಾಫಿ ಹೆಂಗಿರುತ್ತೆ?" ಇವೇ ಪ್ರಶ್ನೆಗಳು. ಇವನ್ನು ಕೇಳಲು ಸಂಕೋಚ ಬೇಡ. ಕಾಲು ಊದಿಕೊಂಡು, ನಿದ್ದೆಗೆಟ್ಟು, ಹೊಟ್ಟೆ ಕೆಡಿಸಿಕೊಂಡವರಿಗೆ ಎಂಥ ಊರೂ ರುಚಿಸುವುದಿಲ್ಲ. ಹಾಗಾಗಿ ಆ ಭಾನುವಾರದ ಮಾತುಗಳನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಲೌಂಜ್‌ಗೆ ಅಂತ ದುಡ್ಡು ಸುರಿಯಬೇಡಿ. ಹೋಟೆಲ್ ಹುಡುಕುವಾಗ ಸ್ಟಾರ್ ಎಣಿಸುವ ಬದಲು ಜಾಗ ನೋಡಿ. ಹಾಗೆ ಉಳಿಸಿದ ದುಡ್ಡು, ಸಮಯ, ಶಕ್ತಿಯಲ್ಲಿ ಸ್ವಲ್ಪವನ್ನಾದರೂ ಆ ಊರಿನವರು ದಿನಾ ಕುಡಿಯುವ ಪಾನೀಯಕ್ಕೆ ಕೊಡಿ. ಒಂದು ಲೋಟ ಹಿಡಿದು ಅವರ ಪಕ್ಕದಲ್ಲಿ ಹತ್ತು ನಿಮಿಷ ಕೂತರೆ ಬಸ್ಸಿನ ಕಿಟಕಿಯಿಂದ ಕಾಣದ ಊರು ಕಾಣುತ್ತದೆ. ಇದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ಮನೆ ಬಿಡುವ ಮುಂಚೆ

ಮೈಸೂರಿನ ಮಂಡಕಳ್ಳಿಯಿಂದ ಹೊರದೇಶಕ್ಕೆ ವಿಮಾನ ಇಲ್ಲ. ಬೆಂಗಳೂರಿಗೇ ಹೋಗಬೇಕು. ಮೈಸೂರಿನಿಂದ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ನೇರವಾಗಿ ಹೋಗುತ್ತದೆ. 2023ರ ಸೆಪ್ಟೆಂಬರ್‌ನಿಂದ ಹೊರದೇಶದ ವಿಮಾನಗಳೆಲ್ಲ ಎರಡನೇ ಟರ್ಮಿನಲ್‌ನಿಂದ ಹೊರಡುತ್ತವೆ. ಕಾರಿನಲ್ಲಿ ಹೋಗುವವರು ಡ್ರೈವರ್‌ಗೆ ಟರ್ಮಿನಲ್ ನಂಬರ್ ಮೊದಲೇ ಹೇಳಿ. ಬಿದಿರು, ತೂಗುವ ಗಿಡಗಳಿಂದ ತುಂಬಿದ ಆ ಟರ್ಮಿನಲ್ಲನ್ನೇ ಸ್ವಲ್ಪ ಹೊತ್ತು ನೋಡಬಹುದು, ಚೆನ್ನಾಗಿದೆ.

ಪ್ಯಾಕಿಂಗ್ ಬಗ್ಗೆ ಎರಡೇ ಮಾತು, ಆದರೆ ಗಟ್ಟಿ ಮಾತು. ಒಣಕೊಬ್ಬರಿ ಬೇಡವೇ ಬೇಡ. ಅದರಲ್ಲಿ ಎಣ್ಣೆ ಜಾಸ್ತಿ, ಬೆಂಕಿ ಹತ್ತುವ ವಸ್ತುಗಳ ಪಟ್ಟಿಯಲ್ಲಿದೆ. ಕೈಚೀಲದಲ್ಲೂ ಬಿಡುವುದಿಲ್ಲ, ದೊಡ್ಡ ಬ್ಯಾಗಿನಲ್ಲೂ ಬಿಡುವುದಿಲ್ಲ. ಇನ್ನೊಂದು ಗಸಗಸೆ. ನಮಗೆ ಪಾಯಸಕ್ಕೆ, ಸಾರಿಗೆ ಬೇಕಾದ ಪದಾರ್ಥ. ಆದರೆ ದುಬೈ ಇರುವ ಯುಎಇಯಲ್ಲೂ ಸಿಂಗಾಪುರದಲ್ಲೂ ಅದು ನಿಷೇಧ. ಮಸಾಲೆ ಪುಡಿಯಲ್ಲಿ ಬೆರೆತಿದ್ದರೂ ಮನೆಯಲ್ಲೇ ಬಿಟ್ಟು ಬನ್ನಿ. ಮೊಮ್ಮಗಳಿಗೆ ಅಂತ ಪ್ರೀತಿಯಿಂದ ಕಟ್ಟಿಕೊಂಡ ಡಬ್ಬಿ ಕಸ್ಟಮ್ಸ್‌ನಲ್ಲಿ ಕಷ್ಟ ತರಬಾರದು. ತುಪ್ಪ, ಉಪ್ಪಿನಕಾಯಿ ದೊಡ್ಡ ಬ್ಯಾಗಿಗೆ. ಕೈಚೀಲದಲ್ಲಿ ದ್ರವ ಪದಾರ್ಥ 100 ಮಿಲಿ ಡಬ್ಬಿಯಲ್ಲಿ ಮಾತ್ರ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. ಜೊತೆಗೆ ಒಂದು ಖಾಲಿ ಸ್ಟೀಲ್ ಬಾಟಲಿ. ಸೆಕ್ಯುರಿಟಿ ದಾಟಿದ ಮೇಲೆ ನಲ್ಲಿಯಲ್ಲಿ ತುಂಬಿಸಿಕೊಳ್ಳಬಹುದು.

ಸಸ್ಯಾಹಾರಿಗಳು ಟಿಕೆಟ್ ಮಾಡಿಸುವಾಗಲೇ ವಿಮಾನದ ಊಟಕ್ಕೆ ಎವಿಎಂಎಲ್ ಅಂತ ಹಾಕಿಸಿ. ಅದು ನಮ್ಮ ಶೈಲಿಯ ಸಸ್ಯಾಹಾರದ ಕೋಡ್. ಈರುಳ್ಳಿ ಬೆಳ್ಳುಳ್ಳಿ ತಿನ್ನದವರಿಗೆ ವಿಜೆಎಂಎಲ್. ಹೊರಡುವ ದಿನ ಹೇಳಿದರೆ ಸಿಗುವುದಿಲ್ಲ.

ಲೌಂಜ್ ಅಂದರೆ

ವಿಮಾನ ನಿಲ್ದಾಣದ ಒಳಗೆ ಸೋಫಾ, ಊಟ, ಕಾಫಿ, ವೈಫೈ ಇರುವ ಬೇರೆ ಕೋಣೆ. ಬಿಸಿನೆಸ್ ಕ್ಲಾಸ್‌ನವರಿಗೆ ಟಿಕೆಟ್ ಜೊತೆ ಸಿಗುತ್ತದೆ. ಉಳಿದವರು ಮೂರು ದಾರಿಯಲ್ಲಿ ಹೋಗಬಹುದು. ಬ್ಯಾಂಕಿನ ಕ್ರೆಡಿಟ್ ಅಥವಾ ಡೆಬಿಟ್ ಕಾರ್ಡು, ಪ್ರಯಾರಿಟಿ ಪಾಸ್‌ನಂಥ ಸದಸ್ಯತ್ವದ ಕಾರ್ಡು, ಇಲ್ಲವೇ ಬಾಗಿಲಲ್ಲಿ ದುಡ್ಡು ಕೊಡುವುದು.

ಕಾರ್ಡಿನ ಕತೆ ಸರಿಯಾಗಿ ತಿಳಿದುಕೊಳ್ಳಿ. ಕೌಂಟರಿನಲ್ಲಿ ಬೋರ್ಡಿಂಗ್ ಪಾಸ್, ಕಾರ್ಡು ಎರಡೂ ಕೇಳುತ್ತಾರೆ. ನಮ್ಮ ದೇಶದಲ್ಲಿ ಸಾಮಾನ್ಯವಾಗಿ 2 ರೂಪಾಯಿಯಂಥ ಸಣ್ಣ ಮೊತ್ತ ಉಜ್ಜಿ ನಿಮಗೆ ಅರ್ಹತೆ ಇದೆಯೇ ಅಂತ ನೋಡುತ್ತಾರೆ. ಎಷ್ಟೋ ಜನ ಇಲ್ಲೇ ವಾಪಸ್ ಬರುತ್ತಾರೆ. ಹಾಗಾಗಿ ಹೊರಡುವ ವಾರ ಬ್ಯಾಂಕಿಗೆ ಫೋನ್ ಮಾಡಿ ಮೂರು ಮಾತು ಕೇಳಿ. ನನ್ನ ಕಾರ್ಡಿನ ಸೌಲಭ್ಯ ದೇಶದೊಳಗಿನ ಲೌಂಜ್‌ಗೆ ಮಾತ್ರವೋ, ಇಂಟರ್‌ನ್ಯಾಷನಲ್‌ಗೂ ಇದೆಯೋ? ಹಿಂದಿನ ಮೂರು ತಿಂಗಳಲ್ಲಿ ಇಷ್ಟು ಖರ್ಚು ಮಾಡಿರಬೇಕು ಅನ್ನುವ ಷರತ್ತು ಇದೆಯೇ? ಜೊತೆಗೆ ಬರುವವರಿಗೆ ಎಷ್ಟು ಕೊಡಬೇಕು? ಒಂದು ಕಾರ್ಡಿಗೆ ಒಬ್ಬರು ಅನ್ನುವುದು ಸಾಮಾನ್ಯ ನಿಯಮ. ಯಜಮಾನರ ಕಾರ್ಡಿನಲ್ಲಿ ಅವರು ಒಳಗೆ, ಅಮ್ಮ ಹೊರಗೆ ಬೆಂಚಿನ ಮೇಲೆ ಅಂತ ಆಗಬಾರದು, ಅಲ್ವಾ? ಪ್ರಯಾರಿಟಿ ಪಾಸ್ ಇದ್ದವರೂ ಎಚ್ಚರ. ಒಳಗೆ ಬಿಟ್ಟ ಮಾತ್ರಕ್ಕೆ ಫ್ರೀ ಅಂತ ತಿಳಿಯಬೇಡಿ. ಉಚಿತ ಭೇಟಿ ಮುಗಿದಿದ್ದರೆ ಡಾಲರ್ ಲೆಕ್ಕದ ಬಿಲ್ಲು ಮುಂದಿನ ತಿಂಗಳ ಸ್ಟೇಟ್‌ಮೆಂಟಿನಲ್ಲಿ ಬರುತ್ತದೆ.

ಟರ್ಮಿನಲ್ ನೋಡಿಕೊಳ್ಳಿ. ಆ್ಯಪ್‌ನಲ್ಲಿ ಚೆಂದದ ಲೌಂಜ್ ಕಾಣಿಸುತ್ತದೆ, ಹೋಗಿ ನೋಡಿದರೆ ಅದು ಬೇರೆ ಟರ್ಮಿನಲ್‌ನಲ್ಲಿ ಇರುತ್ತದೆ. ಇಮಿಗ್ರೇಷನ್, ಅಂದರೆ ಪಾಸ್‌ಪೋರ್ಟ್ ತಪಾಸಣೆ, ದಾಟಿದ ಮೇಲೆ ಅಲ್ಲಿಗೆ ಹೋಗಲು ಆಗುವುದಿಲ್ಲ. ಸಾಮಾನ್ಯವಾಗಿ ವಿಮಾನ ಹೊರಡುವ ಮೂರು ಗಂಟೆ ಮುಂಚೆಯಿಂದ ಮಾತ್ರ ಒಳಗೆ ಬಿಡುತ್ತಾರೆ. ಎಷ್ಟೋ ಲೌಂಜ್‌ಗಳಲ್ಲಿ ಬೋರ್ಡಿಂಗ್ ಅನೌನ್ಸ್‌ಮೆಂಟ್ ಮಾಡುವುದೇ ಇಲ್ಲ. ಫೋನಿನಲ್ಲಿ ಅಲಾರಾಂ ಇಟ್ಟುಕೊಂಡೇ ಸೋಫಾ ಮೇಲೆ ಒರಗಿ. ವೀಲ್‌ಚೇರ್ ತೆಗೆದುಕೊಂಡವರು ತಳ್ಳುವ ಹುಡುಗನಿಗೆ ಲೌಂಜ್‌ಗೆ ಹೋಗಬೇಕು ಅಂತ ಮೊದಲೇ ಹೇಳಿ, ಎಷ್ಟು ಗಂಟೆಗೆ ವಾಪಸ್ ಬರುತ್ತಾನೆ ಅಂತ ಬಾಯಿಬಿಟ್ಟು ಕೇಳಿ.

ಒಳಗೆ ಹೋದ ಮೇಲೆ ಏನು ಮಾಡಬೇಕು? ಮೊದಲು ಸ್ನಾನದ ಕೋಣೆ ಇದೆಯೇ ಕೇಳಿ. ದೊಡ್ಡ ನಿಲ್ದಾಣಗಳ ಲೌಂಜ್‌ಗಳಲ್ಲಿ ಇರುತ್ತದೆ. ಟವಲ್ ಅವರೇ ಕೊಡುತ್ತಾರೆ. ರಾತ್ರಿಯೆಲ್ಲ ವಿಮಾನದಲ್ಲಿ ಕೂತು ಬಂದವರಿಗೆ ಆ ಹತ್ತು ನಿಮಿಷದ ಬಿಸಿನೀರು ಬುಫೆಗಿಂತ ದೊಡ್ಡದು. ಆಮೇಲೆ ಕಾಲು ಮೇಲಿಟ್ಟು ಕೂತುಕೊಳ್ಳಿ, ನೀರು ಕುಡಿಯಿರಿ. ವಿಮಾನದೊಳಗಿನ ಗಾಳಿಯಲ್ಲಿ ತೇವ ಶೇಕಡ 20ಕ್ಕಿಂತ ಕಡಿಮೆ. ಬಾಯಿ, ಚರ್ಮ ಎಲ್ಲ ಒಣಗುತ್ತವೆ. ಫ್ರೀ ಅಂತ ವಿಸ್ಕಿ, ವೈನು ಏರಿಸಿಕೊಂಡು ವಿಮಾನ ಹತ್ತಿದವರಿಗೆ ತಲೆನೋವು ಗ್ಯಾರಂಟಿ. ಕುಡಿಯುವ ಅಭ್ಯಾಸ ಇದ್ದವರಿಗೂ ನಾನು ಇದನ್ನು ನೇರವಾಗಿಯೇ ಹೇಳುತ್ತೇನೆ. ಊಟ ಹಿತಮಿತವಾಗಿರಲಿ. ಸೂಪಿನಲ್ಲಿ ಮಾಂಸದ ಸಾರು ಇರಬಹುದು, ಜೆಲ್ಲಿಯಲ್ಲಿ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಜೆಲಟಿನ್ ಇರಬಹುದು. ಸಸ್ಯಾಹಾರಿಗಳು ಕೇಳಿ ಬಡಿಸಿಕೊಳ್ಳಿ.

ಈಗ ಲೌಂಜ್ ಬೇಡ ಅಂತ ನಾನು ಯಾಕೆ ಹೇಳುತ್ತೇನೆ ನೋಡಿ. ಬೆಂಗಳೂರಿನಲ್ಲಿ ಚೆಕ್-ಇನ್, ಸೆಕ್ಯುರಿಟಿ ಮುಗಿಸುವ ಹೊತ್ತಿಗೆ ಒಂದು ಗಂಟೆ ಉಳಿದಿರುತ್ತದೆ. ಅಷ್ಟಕ್ಕೆ ತಲೆಗೆ ಸಾವಿರಾರು ರೂಪಾಯಿ ಯಾಕೆ? ಮನೆಯಲ್ಲಿ ಮೊಸರನ್ನ ಉಂಡು ಹೊರಡಿ, ಸಾಕು. ಲೌಂಜ್ ಬೇಕಾಗುವುದು ನಡುದಾರಿಯಲ್ಲಿ, ಅದೂ ನಾಲ್ಕು ಗಂಟೆಗಿಂತ ಜಾಸ್ತಿ ಕಾಯಬೇಕಾದಾಗ. ಆರು, ಎಂಟು ಗಂಟೆ ಅಂದರೆ ಲೌಂಜೂ ಸಾಲದು. ವಯಸ್ಸಾದವರಿಗೆ ಆಗ ಬೇಕಾಗಿರುವುದು ಬೆನ್ನು ನೀಟಾಗಿ ಚಾಚಲು ಒಂದು ಮಂಚ. ಸಿಂಗಾಪುರದ ಚಾಂಗಿಯಲ್ಲಿ ಏರೊಟೆಲ್, ದೋಹಾದಲ್ಲಿ ಓರಿಕ್ಸ್, ದುಬೈನಲ್ಲಿ ದುಬೈ ಇಂಟರ್‌ನ್ಯಾಷನಲ್ ಹೋಟೆಲ್, ಇಸ್ತಾಂಬುಲ್‌ನಲ್ಲಿ ಯೋಟೆಲ್ ಏರ್. ಇವು ನಿಲ್ದಾಣದ ಒಳಗೇ ಇವೆ, ಗಂಟೆ ಲೆಕ್ಕದಲ್ಲಿ ರೂಮು ಕೊಡುತ್ತವೆ. ಇಬ್ಬರ ಲೌಂಜ್ ದುಡ್ಡಿಗೆ ಇನ್ನೊಂದಿಷ್ಟು ಸೇರಿಸಿದರೆ ಸಾಕು. ಮೊದಲೇ ಬುಕ್ ಮಾಡಬೇಕು. ಬುಕ್ ಮಾಡುವಾಗ ಒಳಗಿನದೋ, ಇಮಿಗ್ರೇಷನ್ ಆಚೆಯದೋ ಅಂತ ಎರಡು ಸಲ ಓದಿ. ಇಸ್ತಾಂಬುಲ್‌ನದಕ್ಕೆ ಎರಡೂ ಕಡೆ ರೂಮುಗಳಿವೆ.

ದುಡ್ಡೇ ಬೇಡದ ಸುಖಗಳೂ ಇವೆ. ಚಾಂಗಿಯ ಮೂರನೇ ಟರ್ಮಿನಲ್‌ನಲ್ಲಿ ಚಿಟ್ಟೆಗಳ ತೋಟ ಇದೆ. ಫ್ರೀಯಾಗಿ ಸಿನಿಮಾ ನೋಡಬಹುದು, ಒರಗಿ ಮಲಗುವ ಕುರ್ಚಿಗಳಿವೆ. ಐದೂವರೆ ಗಂಟೆಯಿಂದ 24 ಗಂಟೆಯೊಳಗೆ ಕಾಯುವವರಿಗೆ ಉಚಿತ ನಗರ ಪ್ರವಾಸವನ್ನೂ ಮಾಡಿಸುತ್ತಾರೆ. ಆದರೆ ಸಿಂಗಾಪುರದೊಳಗೆ ಹೋಗಲು ಬೇಕಾದ ವೀಸಾ ಇದ್ದರೆ ಮಾತ್ರ. 40 ಮೀಟರ್ ಎತ್ತರದಿಂದ ನೀರು ಬೀಳುವ ಜ್ಯುವೆಲ್ ಅನ್ನುವ ಮಾಲ್ ಕೂಡ ಇಮಿಗ್ರೇಷನ್ ಆಚೆಯೇ ಇದೆ. ದೋಹಾದಲ್ಲಿ ದೊಡ್ಡ ಹಳದಿ ಕರಡಿ ಬೊಂಬೆ ದಾಟಿ ಸ್ವಲ್ಪ ನಡೆದರೆ ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ನಿಶ್ಶಬ್ದ ಕೋಣೆಗಳಿವೆ. ಅಲ್ಲಿ ಒರಗಿಕೊಂಡು ನಿದ್ದೆ ಮಾಡಬಹುದು. ನಮ್ಮ ಗುಂಪಿನ ಅಮ್ಮಂದಿರು ಇದನ್ನು ಬಹಳ ಮೆಚ್ಚಿಕೊಂಡರು.

ಹೋಟೆಲ್ ಆರಿಸುವ ಬಗೆ

ಮೆಟ್ರೋ ಅಥವಾ ರೈಲು ನಿಲ್ದಾಣದಿಂದ ಐದು ನಿಮಿಷದ ನಡಿಗೆ. ಇದು ನನ್ನ ಮೊದಲ ನಿಯಮ. ಊರ ಹೊರಗಿನ ನಾಲ್ಕು ಸ್ಟಾರ್ ಹೋಟೆಲ್‌ಗಿಂತ ಸ್ಟೇಷನ್ ಪಕ್ಕದ ಮೂರು ಸ್ಟಾರ್ ಒಳ್ಳೆಯದು. ಮಂಡಿನೋವು ಇದ್ದವರು ಮಧ್ಯಾಹ್ನ ರೂಮಿಗೆ ಬಂದು ಒಂದು ಗಂಟೆ ಮಲಗಿ ಮತ್ತೆ ಸಂಜೆ ಹೊರಡಬಹುದು. ಆ ಒಂದು ಅನುಕೂಲಕ್ಕಾಗಿ ನಾನು ಉಳಿದೆಲ್ಲ ಬಿಡಲು ತಯಾರು.

ಯೂರೋಪಿನ ಹಳೆಯ ಕಟ್ಟಡಗಳಲ್ಲಿ ಲಿಫ್ಟ್ ಇಲ್ಲದಿರಬಹುದು, ಎಸಿ ಇಲ್ಲದಿರಬಹುದು. ಬುಕ್ ಮಾಡುವಾಗ ಎರಡನ್ನೂ ಕೇಳಿ. ಅವರ ನೆಲಮಹಡಿಗೆ ಸೊನ್ನೆ. ಒಂದನೇ ಮಹಡಿ ಅಂದರೆ ಒಂದು ಸುತ್ತು ಮೆಟ್ಟಿಲು ಹತ್ತಬೇಕು. ರೂಮಿಗೆ ಬಿಡುವುದು ಮಧ್ಯಾಹ್ನ ಎರಡು ಮೂರು ಗಂಟೆಗೆ. ಬೆಳಗ್ಗೆ ಆರಕ್ಕೆ ಇಳಿದವರು ಬ್ಯಾಗು ರಿಸೆಪ್ಷನ್‌ನಲ್ಲಿ ಇಟ್ಟು ಹೊರಗೆ ಹೋಗಬಹುದು. ಅದಕ್ಕೆ ಬಹಳ ಕಡೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಔಷಧಿ, ಒಂದು ಜೊತೆ ಬಟ್ಟೆ ಮಾತ್ರ ಕೈಚೀಲದಲ್ಲಿ ಇರಲಿ.

ಆನ್‌ಲೈನ್‌ನಲ್ಲಿ ಪೂರ್ತಿ ದುಡ್ಡು ಕಟ್ಟಿದ್ದರೂ ಅಲ್ಲಿ ಇನ್ನಷ್ಟು ಕೇಳಬಹುದು. ಗಾಬರಿ ಬೇಡ. ರೋಮ್, ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್‌ನಂಥ ಊರುಗಳಲ್ಲಿ ನಗರ ತೆರಿಗೆ ಇದೆ. ದುಬೈನಲ್ಲಿ ಟೂರಿಸಂ ದಿರಹಂ ಅಂತ ಹೋಟೆಲ್ ದರ್ಜೆಗೆ ತಕ್ಕಂತೆ ರೂಮಿಗೆ ರಾತ್ರಿಗೆ 7ರಿಂದ 20 ದಿರಹಂ. ಇದಲ್ಲದೆ ಡಿಪಾಸಿಟ್ ಅಂತ ಕಾರ್ಡಿನಲ್ಲಿ ಒಂದಿಷ್ಟು ಮೊತ್ತ ತಡೆಹಿಡಿಯುತ್ತಾರೆ. ರೂಮು ಬಿಟ್ಟ ಮೇಲೆ ಬಿಡುಗಡೆಯಾಗುತ್ತದೆ, ಆದರೆ ಕೆಲವು ದಿನ ಹಿಡಿಯುತ್ತದೆ. ಡೆಬಿಟ್ ಕಾರ್ಡು ಕೊಟ್ಟರೆ ಆ ದುಡ್ಡು ನಿಮ್ಮ ಕೈಗೆ ಅಷ್ಟು ದಿನ ಸಿಗುವುದಿಲ್ಲ. ಕ್ರೆಡಿಟ್ ಕಾರ್ಡು ಇದ್ದರೆ ಅದನ್ನೇ ಕೊಡಿ. ಮಿನಿಬಾರ್ ಫ್ರಿಜ್‌ನಲ್ಲಿ ಇರುವ ಬಾಟಲಿ ಸುಮ್ನೆ ಎತ್ತಿ ನೋಡಬೇಡಿ. ಕೆಲವು ಹೋಟೆಲ್‌ಗಳಲ್ಲಿ ಎತ್ತಿದರೇ ಬಿಲ್ಲಿಗೆ ಸೇರುತ್ತದೆ.

ರೂಮಿನಲ್ಲಿ ಊದುಬತ್ತಿ ಹಚ್ಚಬೇಡಿ. ಇದನ್ನು ನಾನು ಬೇಡಿಕೊಂಡು ಹೇಳುತ್ತೇನೆ. ಚಾವಣಿಯಲ್ಲಿ ಹೊಗೆ ಕಂಡುಹಿಡಿಯುವ ಯಂತ್ರ ಇರುತ್ತದೆ. ಬೆಲ್ಲು ಹೊಡೆದರೆ ಇಡೀ ಹೋಟೆಲ್ಲು ಖಾಲಿ ಮಾಡಿಸುತ್ತಾರೆ, ದಂಡವೂ ಬೀಳಬಹುದು. ದೇವರ ಫೋಟೋ ಇಟ್ಟು, ಹೂವಿಟ್ಟು ಕೈಮುಗಿದರೆ ಪೂಜೆಗೆ ಏನೂ ಕಮ್ಮಿಯಾಗುವುದಿಲ್ಲ. ಅಡುಗೆಯ ವಿಷಯವೂ ಅಷ್ಟೇ. ಬಿಸಿನೀರಿನಲ್ಲಿ ಆಗುವ ಅವಲಕ್ಕಿ, ಉಪ್ಪಿಟ್ಟಿನ ಪ್ಯಾಕೆಟ್ ಸರಿ. ಒಗ್ಗರಣೆ ಬೇಡ.

ಕೆಟಲ್ ಇಂಗ್ಲೆಂಡಿನಲ್ಲಿ ಹೆಚ್ಚುಕಮ್ಮಿ ಎಲ್ಲ ರೂಮಿನಲ್ಲೂ ಇರುತ್ತದೆ. ಯೂರೋಪಿನ ಬೇರೆ ದೇಶಗಳಲ್ಲಿ ನಂಬಬೇಡಿ. ನಿಮ್ಮದೇ ಕೆಟಲ್ ಒಯ್ಯುವುದಾದರೆ ಪ್ಲಗ್ ನೋಡಿಕೊಳ್ಳಿ. ಸಿಂಗಾಪುರ, ದುಬೈ, ಇಂಗ್ಲೆಂಡ್‌ನಲ್ಲಿ ಚೌಕದ ಮೂರು ಪಿನ್ನು. ಯೂರೋಪಿನ ಬಹುಪಾಲು ಕಡೆ ದುಂಡಗಿನ ಎರಡು ಪಿನ್ನು. ಜಪಾನಿನಲ್ಲಿ ಚಪ್ಪಟೆ ಪಿನ್ನು, ಅದೂ 100 ವೋಲ್ಟ್. ನಮ್ಮ 230 ವೋಲ್ಟ್ ಕೆಟಲ್ ಅಲ್ಲಿ ಸರಿಯಾಗಿ ನೀರು ಕಾಯಿಸುವುದಿಲ್ಲ. ಫೋನ್ ಚಾರ್ಜರ್ ನಡೆಯುತ್ತದೆ.

ಬಾತ್‌ರೂಮಿನ ವಿಷಯ ಎಲ್ಲರೂ ಕೊನೆಗೆ ಪಿಸುಮಾತಿನಲ್ಲಿ ಕೇಳುತ್ತಾರೆ. ಜಪಾನಿನಲ್ಲಿ ಚಿಂತೆಯೇ ಇಲ್ಲ, ನೀರು ಚಿಮ್ಮುವ ಕಮೋಡು ಎಲ್ಲೆಲ್ಲೂ ಇದೆ. ಇಟಲಿಯಲ್ಲಿ ಮನೆಗಳಲ್ಲಿ ಬಿಡೆ, ಅಂದರೆ ಕೂತು ತೊಳೆದುಕೊಳ್ಳುವ ನಲ್ಲಿಯ ತೊಟ್ಟಿ, ಇರಲೇಬೇಕು ಅಂತ 1975ರಿಂದ ನಿಯಮವೇ ಇದೆ, ಹೋಟೆಲ್‌ಗಳಲ್ಲೂ ಸಾಮಾನ್ಯ. ಫ್ರಾನ್ಸ್, ಜರ್ಮನಿ, ಇಂಗ್ಲೆಂಡಿನಲ್ಲಿ ಬರೀ ಕಾಗದ. ಒಂದು ಹಗುರ ಪ್ಲಾಸ್ಟಿಕ್ ಚೆಂಬು ಬ್ಯಾಗಿನಲ್ಲಿ ಇರಲಿ, ನೀರು ನೆಲಕ್ಕೆ ಚೆಲ್ಲದಂತೆ ನೋಡಿಕೊಳ್ಳಿ. ಅಲ್ಲಿನ ಬಾತ್‌ರೂಮಿನ ನೆಲದಲ್ಲಿ ನೀರು ಹೋಗುವ ಕಿಂಡಿ ಇರುವುದಿಲ್ಲ.

ಜಪಾನಿಗೆ ಹೋದರೆ ಒಂದು ರಾತ್ರಿಯಾದರೂ ರ್‍ಯೋಕಾನ್‌ನಲ್ಲಿ ತಂಗಿ. ಅದು ಅವರ ಹಳೆಯ ಕಾಲದ ವಸತಿಗೃಹ. ಹುಲ್ಲಿನ ಚಾಪೆ ಹಾಸಿದ ಕೋಣೆ, ನೆಲದ ಮೇಲೆ ಹಾಸಿಗೆ. ನಮ್ಮ ಹಿರಿಯರಿಗೆ ಅದು ಬೇಗ ಒಗ್ಗುತ್ತದೆ. ಆದರೆ ನೆಲದಿಂದ ಏಳಲು ಕಷ್ಟಪಡುವವರು ಮಂಚ ಇರುವ ರೂಮು ಕೇಳಿ ಪಡೆಯಿರಿ. ಉಡಲು ಯುಕಾತಾ ಅನ್ನುವ ನಿಲುವಂಗಿ ಕೊಡುತ್ತಾರೆ. ಎಡಗಡೆ ಸೆರಗು ಮೇಲೆ ಬರಬೇಕು. ಬಲಗಡೆ ಮೇಲೆ ಬರುವಂತೆ ಸುತ್ತುವುದು ಹೆಣಕ್ಕೆ ಮಾತ್ರ. ಬಿಸಿನೀರ ಬುಗ್ಗೆಯ ಕೊಳ ಇದ್ದರೆ ಮೊದಲು ಪಕ್ಕದಲ್ಲಿ ಕೂತು ಮೈತೊಳೆದುಕೊಂಡು, ಬಟ್ಟೆಯಿಲ್ಲದೆ ಇಳಿಯಬೇಕು. ಗಂಡು ಹೆಣ್ಣಿಗೆ ಬೇರೆ ಬೇರೆ.

ಇಲ್ಲಿ ನಮ್ಮ ಕಡೆಯವರಿಗೇ ಬೇಕಾದ ಒಂದು ಮಾತಿದೆ. ಬಹಳಷ್ಟು ಕೊಳಗಳಲ್ಲಿ ಮೈಮೇಲೆ ಟ್ಯಾಟೂ ಇದ್ದವರನ್ನು ಬಿಡುವುದಿಲ್ಲ. ಅಲ್ಲಿ ಅದನ್ನು ರೌಡಿ ಗುಂಪುಗಳ ಗುರುತು ಅಂತ ನೋಡುತ್ತಾ ಬಂದಿದ್ದಾರೆ. ನಮ್ಮ ಹಳ್ಳಿಯ ಅಜ್ಜಿಯರ ಮೊಣಕೈವರೆಗೆ ಹಚ್ಚೆ ಇರುತ್ತದೆ, ಅಲ್ವಾ? ಕೆ.ಆರ್. ಪೇಟೆ ಕಡೆಯ ಒಬ್ಬ ಅಜ್ಜಿಗಾಗಿ ನಾನು ಮೊದಲೇ ಹೋಟೆಲ್‌ಗೆ ಬರೆದು, ಖಾಸಗಿಯಾಗಿ ಗಂಟೆ ಲೆಕ್ಕದಲ್ಲಿ ಕೊಡುವ ಸ್ನಾನದ ಮನೆ ಕಾದಿರಿಸಿದ್ದೆ. ಅದಕ್ಕೆ ಕಾಶಿಕಿರಿ ಅನ್ನುತ್ತಾರೆ. ಅಜ್ಜಿ, ಸೊಸೆ ಇಬ್ಬರೂ ಬಾಗಿಲು ಹಾಕಿಕೊಂಡು ನಿರಾಳವಾಗಿ ಮಿಂದು ಬಂದರು. ಹಚ್ಚೆ ಇರುವವರನ್ನು ಕರೆದುಕೊಂಡು ಹೋಗುವ ಮಕ್ಕಳು ಇದನ್ನು ಮರೆಯಬೇಡಿ.

ಇನ್ನು ಲೋಟದ ವಿಷಯ

ಮಂಡ್ಯದವಳಾದ ನಾನು ಎಲ್ಲಿಗೆ ಹೋದರೂ ಮೊದಲು ಹುಡುಕುವುದು ಕಬ್ಬಿನ ಹಾಲು. 1933ರಲ್ಲಿ ಸಕ್ಕರೆ ಕಾರ್ಖಾನೆ ಶುರುವಾದ ಊರು ನಮ್ಮದು. ಕಬ್ಬು ಕಂಡರೆ ಕಾಲು ತಾನಾಗಿ ನಿಲ್ಲುತ್ತದೆ. ವಿಯೆಟ್ನಾಮಿನ ಬೀದಿಗಳಲ್ಲಿ ಅದಕ್ಕೆ ನೂಕ್ ಮಿಯಾ ಅನ್ನುತ್ತಾರೆ. ಕಬ್ಬಿನ ಸಿಪ್ಪೆ ಹೆರೆದು, ಗಾಣಕ್ಕೆ ಕೊಡುವಾಗ ಜೊತೆಗೆ ಪುಟ್ಟ ಹುಳಿ ಕಿತ್ತಳೆಯಂಥ ಹಣ್ಣು ಸೇರಿಸುತ್ತಾರೆ. ನಾವು ನಿಂಬೆ, ಶುಂಠಿ ಹಾಕುವ ಜಾಗದಲ್ಲಿ ಅವರಿಗೆ ಅದು. ಸಿಪ್ಪೆಯ ಸಣ್ಣ ಕಹಿ ಬಾಯಲ್ಲಿ ಉಳಿಯುತ್ತದೆ, ಸಿಹಿ ಮುಖಕ್ಕೆ ಹೊಡೆಯುವುದಿಲ್ಲ. ಪಾಂಡವಪುರದ ಕಡೆಯ ಒಬ್ಬ ಯಜಮಾನರು ಹನೋಯ್‌ನಲ್ಲಿ ಲೋಟ ಮುಟ್ಟುವ ಮೊದಲು ಕಬ್ಬಿನ ಜಲ್ಲೆ ಕೈಗೆ ತೆಗೆದುಕೊಂಡರು. ಗೆಣ್ಣು ನೋಡಿದರು, ಉಗುರಿನಿಂದ ಸಿಪ್ಪೆ ಒತ್ತಿದರು, "ಇದು ಎಷ್ಟು ತಿಂಗಳದ್ದು ಕೇಳಿ" ಅಂದರು. ಗಾಣದ ಹೆಂಗಸಿಗೆ ಅವರ ಮಾತು ತಿಳಿಯದಿದ್ದರೂ ಇವರು ಕಬ್ಬು ಬಲ್ಲವರು ಅನ್ನುವುದು ತಿಳಿಯಿತು. ಇನ್ನೊಂದು ಜಲ್ಲೆ ಅವರ ಕೈಗೇ ಕೊಟ್ಟು ಗಾಣಕ್ಕೆ ಹಾಕಿ ಅಂತ ಸನ್ನೆ ಮಾಡಿದಳು. ಆ ಪ್ರವಾಸದಲ್ಲಿ ಅವರು ಊರಿಗೆ ಬಂದು ಹೇಳಿಕೊಂಡದ್ದು ಇದೊಂದನ್ನೇ.

ಈಜಿಪ್ಟಿನಲ್ಲೂ ಕಬ್ಬಿನ ಹಾಲು ಬಹಳ ಜೋರು. ಅಲ್ಲಿ ಅಸಬ್ ಅನ್ನುತ್ತಾರೆ. ನೊರೆ ತುಂಬಿದ ಉದ್ದ ಗಾಜಿನ ಲೋಟದಲ್ಲಿ ಕೊಡುತ್ತಾರೆ, ಅಂಗಡಿಯ ಮುಂದೆ ನಿಂತೇ ಕುಡಿದು ಹೊರಡುತ್ತಾರೆ. ಏನೂ ಬೆರೆಸುವುದಿಲ್ಲ. ನನಗೆ ಈ ಬರೀ ಕಬ್ಬಿನ ರುಚಿಯೇ ಹೆಚ್ಚು ಇಷ್ಟ. ಅದೇ ದೇಶದಲ್ಲಿ ಕರ್ಕದೆ ಅಂತ ಕೆಂಪು ಪಾನಕ ಸಿಗುತ್ತದೆ. ನಮ್ಮ ಪುಂಡಿ ಜಾತಿಯ ಗಿಡದ ಹೂವಿನ ಬುಡದ ಕೆಂಪು ಪುಷ್ಪಪತ್ರದಿಂದ ಮಾಡುತ್ತಾರೆ. ಬಿಸಿಯಾಗಿಯೂ ಕುಡಿಯಬಹುದು, ತಣ್ಣಗೂ ಕುಡಿಯಬಹುದು.

ಬೀದಿಬದಿಯಲ್ಲಿ ಕುಡಿಯುವುದಕ್ಕೆ ನನ್ನ ಕ್ರಮ ಹೀಗೆ. ಊರಿನವರೇ ಸಾಲು ನಿಂತ ಅಂಗಡಿಗೆ ಹೋಗಿ. ನಿಮ್ಮ ಕಣ್ಣೆದುರೇ ಹಿಂಡಬೇಕು ಅಥವಾ ಕುದಿಸಬೇಕು. ಐಸ್ ಬೇಡ ಅನ್ನಿ. ಲೋಟ ಅದ್ದಿ ತೊಳೆಯುವ ಬಕೆಟ್ ನೀರು ನೋಡಿ ಇಷ್ಟವಾಗದಿದ್ದರೆ ನಿಮ್ಮ ಸ್ಟೀಲ್ ಬಾಟಲಿಯನ್ನೇ ಚಾಚಿ. ಮೊದಲ ದಿನ ಅರ್ಧ ಲೋಟ ಸಾಕು, ಹೊಟ್ಟೆ ಒಪ್ಪಿದರೆ ಮಾರನೆಯ ದಿನ ಪೂರ್ತಿ. ದೂರದ ಬಸ್ ಪ್ರಯಾಣ ಇರುವ ದಿನ ಹೊಸದೇನೂ ಬೇಡ. ಓಆರ್‌ಎಸ್ ಪೊಟ್ಟಣ ಯಾವಾಗಲೂ ಜೇಬಿನಲ್ಲಿ ಇರಲಿ. ಸಕ್ಕರೆ ಕಾಯಿಲೆ ಇರುವವರು ಕಬ್ಬಿನ ಹಾಲನ್ನು ಇನ್ನೊಬ್ಬರ ಲೋಟದಿಂದ ಒಂದು ಗುಟುಕು ರುಚಿ ನೋಡಿದರೆ ಸಾಕು.

ಕಾಫಿಗೆ ಬರೋಣ. ಮೈಸೂರಿನವರಿಗೆ ಬೆಳಗಿನ ಕಾಫಿ ಇಲ್ಲದೆ ದಿನ ಶುರುವಾಗುವುದಿಲ್ಲ. ಹೋಟೆಲ್ ಬುಫೆಯ ಯಂತ್ರದ ಕಾಫಿ ಕುಡಿದು ಬೇಜಾರು ಮಾಡಿಕೊಳ್ಳುತ್ತಾರೆ. ಸಿಂಗಾಪುರದಲ್ಲಾದರೆ ಕೆಳಗಿಳಿದು ಕೋಪಿ ಅಂಗಡಿಗೆ ಹೋಗಿ. ಬೀಜವನ್ನು ಸಕ್ಕರೆ, ಮಾರ್ಗರಿನ್ ಜೊತೆ ಹುರಿದು, ಉದ್ದನೆಯ ಬಟ್ಟೆ ಚೀಲದಲ್ಲಿ ಸೋಸಿ ಮಾಡುವ ಗಟ್ಟಿ ಕಾಫಿ. ಚಿಕೋರಿ ಅಭ್ಯಾಸ ಇರುವ ನಾಲಿಗೆಗೆ ಅದರ ಕಹಿ ಹಿಡಿಸುತ್ತದೆ. ಸುಮ್ನೆ ಕೋಪಿ ಅಂದರೆ ಗಟ್ಟಿ ಸಿಹಿ ಹಾಲು, ಅಂದರೆ ಕಂಡೆನ್ಸ್‌ಡ್ ಮಿಲ್ಕ್ ಹಾಕಿ ಕೊಡುತ್ತಾರೆ. ಕೋಪಿ ಸಿ ಅಂದರೆ ಸಿಹಿಯಿಲ್ಲದ ಗಟ್ಟಿ ಹಾಲು, ಮೇಲೆ ಸಕ್ಕರೆ. ಕೋಪಿ ಓ ಅಂದರೆ ಹಾಲಿಲ್ಲ, ಸಕ್ಕರೆ ಇದೆ. ಕೋಸೊಂಗ್ ಅಂತ ಸೇರಿಸಿದರೆ ಸಕ್ಕರೆ ಬೇಡ ಅಂತ. ನಮ್ಮವರಿಗೆ ನಾನು ಕೋಪಿ ಸಿ ಹೇಳಿಕೊಡುತ್ತೇನೆ, ಮಧುಮೇಹ ಇರುವವರಿಗೆ ಕೋಪಿ ಸಿ ಕೋಸೊಂಗ್. ಇಷ್ಟು ಹೇಳಿದರೆ ಅಂಗಡಿಯವರ ಮುಖ ಅರಳುತ್ತದೆ. ತಿಂಡಿಗೆ ಸೆರಂಗೂನ್ ರಸ್ತೆಗೆ ಹೋಗಿ. ಕೋಮಲ ವಿಲಾಸ್ 1947ರಿಂದ ಅಲ್ಲಿದೆ, ನಮ್ಮ ಎಂಟಿಆರ್ ಕೂಡ ಅದೇ ರಸ್ತೆಯಲ್ಲಿದೆ.

ವಿಯೆಟ್ನಾಮ್ ಕಾಫಿ ಬೆಳೆಯುವುದರಲ್ಲಿ ಲೋಕದಲ್ಲೇ ಬ್ರೆಜಿಲ್ ಬಿಟ್ಟರೆ ಮುಂದಿನ ದೇಶ. ಬಹುಪಾಲು ರೊಬಸ್ಟಾ. ಲೋಟದ ಮೇಲೆ ಫಿನ್ ಅನ್ನುವ ಪುಟ್ಟ ಫಿಲ್ಟರ್ ಇಟ್ಟು ನಿಮ್ಮ ಮುಂದೆಯೇ ತೊಟ್ಟಿಕ್ಕಲು ಬಿಡುತ್ತಾರೆ. ಅವಸರ ಮಾಡಿ ಎತ್ತಬೇಡಿ, ಐದು ನಿಮಿಷ ಬೇಕು. ಕೆಳಗೆ ಕಂಡೆನ್ಸ್‌ಡ್ ಮಿಲ್ಕ್ ಇರುತ್ತದೆ, ಕಲಕಿ ಕುಡಿಯಿರಿ. ಹನೋಯ್‌ನ ಹೆಸರಾಂತ ಕಾಫಿ ಇನ್ನೊಂದಿದೆ. ಹಾಲಿನ ಕೊರತೆ ಇದ್ದ ಕಾಲದಲ್ಲಿ, 1946ರಲ್ಲಿ, ಮೊಟ್ಟೆಯ ಹಳದಿ ಕಡೆದು ನೊರೆ ಮಾಡಿ ಮೇಲೆ ಹಾಕುವುದು ಶುರುವಾಯಿತು. ಮೊಟ್ಟೆ ತಿನ್ನದವರು ಕೆನೆ ಅಂತ ತಿಳಿದು ಕುಡಿದುಬಿಡುತ್ತಾರೆ. ಮೆನುವಿನಲ್ಲಿ ಎಗ್ ಕಾಫಿ ಅಂತ ಬರೆದಿದ್ದರೆ ಅದು ನಿಜವಾಗಿಯೂ ಮೊಟ್ಟೆಯೇ. ಅಂಥವರಿಗೆ ತೆಂಗಿನಹಾಲಿನ ಕಾಫಿ ಕೊಡಿಸಿ.

ಟರ್ಕಿಯಲ್ಲಿ ಊಟದ ಜೊತೆ ಐರಾನ್ ಕೇಳಿ. ಮೊಸರು, ನೀರು, ಉಪ್ಪು, ಅಷ್ಟೇ. ಖಾರ, ಇಂಗು ಇಲ್ಲದಿದ್ದರೂ ಮಜ್ಜಿಗೆ ಮಜ್ಜಿಗೆಯೇ. ಬಿಸಿಲಲ್ಲಿ ಸುತ್ತಿದ ಹೊಟ್ಟೆಗೆ ಅದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ. ಇಸ್ತಾಂಬುಲ್‌ನ ಅಂಗಡಿಗಳಲ್ಲಿ ಪ್ರವಾಸಿಗಳಿಗೆ ಅಂತಲೇ ಆಪಲ್ ಟೀ ಕೊಡುತ್ತಾರೆ. ಊರಿನವರು ಕುಡಿಯುವುದು ನಡು ಸಣ್ಣಗಿರುವ ಗಾಜಿನ ಲೋಟದ ಕಪ್ಪು ಚಹಾ. ಅದನ್ನೇ ಕೇಳಿ.

ದುಬೈ, ದೋಹಾದಲ್ಲಿ ಕರಕ್ ಚಾ ಸಿಗುತ್ತದೆ. ನಮ್ಮ ದೇಶದಿಂದ ಹೋದವರು ಬೆಳೆಸಿದ ಏಲಕ್ಕಿ ಚಹಾ, ಯಾರಿಗೂ ಕಷ್ಟವಿಲ್ಲ. ಅರಬ್ಬರ ಗಹ್ವಾ ಬೇರೆ ತರಹ. ಸ್ವಲ್ಪವೇ ಹುರಿದ ಕಾಫಿ ಬೀಜ, ಏಲಕ್ಕಿ, ಸಕ್ಕರೆಯಿಲ್ಲ. ಜೊತೆಗೆ ಖರ್ಜೂರ. ಹಿಡಿಯಿಲ್ಲದ ಪುಟ್ಟ ಬಟ್ಟಲಲ್ಲಿ ಒಂದೊಂದು ಗುಟುಕು ಹಾಕುತ್ತಾ ಹೋಗುತ್ತಾರೆ. ಬಲಗೈಯಲ್ಲಿ ತೆಗೆದುಕೊಳ್ಳಿ. ಸಾಕು ಅನ್ನಿಸಿದಾಗ ಬಟ್ಟಲನ್ನು ಆಚೀಚೆ ಸ್ವಲ್ಪ ಅಲುಗಾಡಿಸಿ ವಾಪಸ್ ಕೊಡಿ. ಹಾಗೆ ಮಾಡದಿದ್ದರೆ ಮತ್ತೆ ಸುರಿಯುತ್ತಾರೆ.

ಥಾಯ್ಲೆಂಡಿನಲ್ಲಿ ಶಂಖಪುಷ್ಪದ ನೀಲಿ ಪಾನಕ ಕುಡಿಯಿರಿ. ನಮ್ಮ ಬೇಲಿಯ ಮೇಲಿನ ಅದೇ ಹೂವು. ನಿಂಬೆ ಹಿಂಡಿದ ಕೂಡಲೇ ನೀಲಿ ನೇರಳೆಯಾಗುತ್ತದೆ, ಮಕ್ಕಳಿಗೆ ಬಹಳ ಖುಷಿ. ಶ್ರೀಲಂಕಾದ ತಂಬಿಲಿ ಕಿತ್ತಳೆ ಬಣ್ಣದ ಎಳನೀರು. ಮದ್ದೂರಿನ ಎಳನೀರು ಮಾರುಕಟ್ಟೆಯ ಪಕ್ಕದಲ್ಲೇ ಬೆಳೆದವರು ಕೂಡ ಒಂದು ಕಾಯಿ ಕೆತ್ತಿಸಿ ಹೋಲಿಸಿ ನೋಡಿದರು, ತಮ್ಮದೇ ಚೆನ್ನ ಅಂದರು. ಜಪಾನಿನ ರಸ್ತೆಯಲ್ಲಿ ನಿಂತ ಯಂತ್ರಗಳಲ್ಲಿ ಕೆಂಪು ಪಟ್ಟಿ ಇದ್ದರೆ ಬಿಸಿ ಬಾಟಲಿ, ನೀಲಿ ಪಟ್ಟಿ ಇದ್ದರೆ ತಣ್ಣಗಿನದು. ಮುಗಿಚಾ ಅನ್ನುವುದು ಹುರಿದ ಬಾರ್ಲಿಯ ನೀರು. ಕೆಫೀನ್ ಇಲ್ಲ, ಸಕ್ಕರೆ ಇಲ್ಲ, ರಾತ್ರಿಯೂ ಕುಡಿಯಬಹುದು.

ಯೂರೋಪಿನಲ್ಲಿ ನೀರಿಗೆ ದುಡ್ಡು ಕೊಡಬೇಡಿ. ರೋಮ್‌ನ ಬೀದಿಗಳಲ್ಲಿ ಸದಾ ಹರಿಯುವ ಸುಮಾರು 2,500 ನಲ್ಲಿಗಳಿವೆ, ಜ್ಯೂರಿಕ್‌ನಲ್ಲಿ 1,200ಕ್ಕೂ ಹೆಚ್ಚು ಕಾರಂಜಿಗಳಿವೆ. ಕುಡಿಯಬಾರದು ಅಂತ ಬೋರ್ಡು ಇಲ್ಲದಿದ್ದರೆ ಬಾಟಲಿ ಹಿಡಿಯಿರಿ. ಪ್ಯಾರಿಸ್ಸಿನ ರೆಸ್ಟೋರೆಂಟಿನಲ್ಲಿ ಕರಾಫ್ ದೋ ಅಂದರೆ ನಲ್ಲಿ ನೀರಿನ ಹೂಜಿ ಉಚಿತವಾಗಿ ಬರುತ್ತದೆ. ಸುಮ್ನೆ ವಾಟರ್ ಅಂದರೆ ಬಾಟಲಿ ತಂದಿಟ್ಟು ಬಿಲ್ಲು ಹಾಕುತ್ತಾರೆ, ಅದೂ ಗ್ಯಾಸ್ ತುಂಬಿದ ನೀರಾಗಿರಬಹುದು.

ಮದ್ಯ ಮುಟ್ಟದವರು ಒಂದು ಹೆಸರು ನೆನಪಿಡಿ: ಸೈಡರ್. ಅಮೆರಿಕದಲ್ಲಿ ಅದು ಸಾಮಾನ್ಯವಾಗಿ ಸೇಬಿನ ರಸ, ಇಂಗ್ಲೆಂಡಿನಲ್ಲಿ ಅದೇ ಹೆಸರಿನದು ಅಮಲಿನ ಪಾನೀಯ. ಜರ್ಮನಿಯಲ್ಲಿ ಆಪ್‌ಫೆಲ್‌ಶೋರ್ಲೆ ಕೇಳಿದರೆ ಸೇಬಿನ ರಸಕ್ಕೆ ಸೋಡಾ ಬೆರೆಸಿ ಕೊಡುತ್ತಾರೆ, ಅಮಲಿಲ್ಲ. ಚಳಿಗಾಲದ ಜಾತ್ರೆಗಳಲ್ಲಿ ಸಿಗುವ ಬಿಸಿ ಗ್ಲೂವೈನ್ ವೈನೇ. ಮಕ್ಕಳಿಗೆ ಅಂತ ಕಿಂಡರ್‌ಪುನ್ಶ್ ಮಾಡಿರುತ್ತಾರೆ, ನಮ್ಮವರಿಗೆ ಅದೇ ಸರಿ. ಕುಡಿಯುವವರು ಆ ಊರಿನ ಕಾನೂನು ತಿಳಿದುಕೊಳ್ಳಿ. ದುಬೈನಲ್ಲಿ 21 ವರ್ಷ ಆದವರಿಗೆ ಲೈಸೆನ್ಸ್ ಇರುವ ಜಾಗದಲ್ಲಿ ಸಿಗುತ್ತದೆ, ಪಕ್ಕದ ಶಾರ್ಜಾದಲ್ಲಿ ಪೂರ್ತಿ ನಿಷೇಧ.

ವಾಪಸ್ ಬರುವಾಗ ಒಬ್ಬ ವಯಸ್ಕರು ಸುಂಕವಿಲ್ಲದೆ 2 ಲೀಟರ್ ಮದ್ಯ ತರಬಹುದು. ಡ್ಯೂಟಿ ಫ್ರೀಯಲ್ಲಿ ಕೊಂಡ ಬಾಟಲಿಯನ್ನು ಸೀಲ್ ಮಾಡಿದ ಚೀಲದಲ್ಲಿ ಕೊಡುತ್ತಾರೆ. ನಡುವೆ ವಿಮಾನ ಬದಲಿಸುವುದಿದ್ದರೆ ಮನೆ ಮುಟ್ಟುವವರೆಗೂ ಆ ಚೀಲ ಬಿಚ್ಚಬೇಡಿ. ಬಿಚ್ಚಿದರೆ ಮುಂದಿನ ಸೆಕ್ಯುರಿಟಿಯಲ್ಲಿ ತೆಗೆದುಹಾಕುತ್ತಾರೆ. ಒಣಗಿದ ಕರ್ಕದೆ, ಕಾಫಿ ಪುಡಿ, ಶಂಖಪುಷ್ಪದ ಪೊಟ್ಟಣಗಳನ್ನು ಅಂಗಡಿಯ ಲೇಬಲ್ ಸಮೇತ ದೊಡ್ಡ ಬ್ಯಾಗಿನಲ್ಲಿ ಇಡಿ. ಫಿನ್ ಫಿಲ್ಟರ್ ಹನೋಯ್‌ನ ಮಾರುಕಟ್ಟೆಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಅಲ್ಯೂಮಿನಿಯಂ ಬೇಡ, ಸ್ಟೀಲಿನದು ಕೇಳಿ ತನ್ನಿ.